ಮನೆಯಲ್ಲಿ ನಾಯಿ ಇಲ್ಲ

ಜೂನ್ 3, ಮಂಗಳವಾರ. 160/100

ದಿನಾ ಬೆಳಿಗ್ಗೆ ರಕ್ತದೊತ್ತಡ ನೋಡಿಕೊಂಡು ಈ ಪುಸ್ತಕದಲ್ಲಿ ಬರೆದಿಡಬೇಕಂತೆ, ಆರೋಗ್ಯ ಕೇಂದ್ರದವರ ಅಪ್ಪಣೆ. ಎರಡು ಅಂಕಿ ಬರೆದ ಮೇಲೆ ಪುಟ ಪೂರ್ತಿ ಖಾಲಿ ಉಳಿಯುತ್ತದೆ. ದಂಡ ಮಾಡುವುದು ನನ್ನ ಜಾಯಮಾನವಲ್ಲ. ಸೋಫಾಕ್ಕೆ ಬಟ್ಟೆ ಹೊಲಿದು ಉಳಿದ ಅಂಗೈಯಗಲದ ತುಂಡನ್ನೂ ನಾನು ಬಿಸಾಡಿದವನಲ್ಲ. ಹಾಗಾಗಿ ತೋಚಿದ್ದನ್ನು ಬರೆಯುತ್ತೇನೆ. ಯಾರೂ ಓದಬೇಕಾಗಿಲ್ಲ.

ಎರಡು ಬೀದಿ ಕೆಳಗೆ, ನೀರಿನ ಟ್ಯಾಂಕಿನ ಹತ್ತಿರದ ಮನೆಯ ಹುಡುಗ ಶನಿವಾರ ತೀರಿಕೊಂಡ. ಉಣುಗು ಜ್ವರ. ನಾಯಿಯ ಮೈಮೇಲಿನ ಉಣುಗು ಕಚ್ಚಿ ಬರುವುದು. ಆರು ದಿನದಲ್ಲಿ ಮುಗಿದುಹೋಯಿತು. ಇವತ್ತು ಆರೋಗ್ಯ ಇಲಾಖೆಯ ಇಬ್ಬರು ಹೆಂಗಸರು ಬೆನ್ನಿಗೆ ಉಣುಗಿಗೆ ಹೊಡೆಯುವ ಔಷಧದ ಡಬ್ಬಿ ಕಟ್ಟಿಕೊಂಡು ಎರ್ಮೊಸೀಯೊ ಪೇಟೆಯಿಂದ ನಮ್ಮ ಗುಡ್ಡ ಹತ್ತಿ ಬಂದರು. ನಲವತ್ತನಾಲ್ಕು ಡಿಗ್ರಿ ಬಿಸಿಲು. ಪಾಪ, ಮುಖ ಬೆಂದ ಬದನೆಕಾಯಿಯಾಗಿತ್ತು.

ನನ್ನ ಕೆಲಸವೆಲ್ಲ ಅಂಗಳದಲ್ಲಿ, ಮೆಸ್ಕೀಟ್ ಮರದ ಕೆಳಗೆ. ಮೂರು ಸೋಫಾ ಇದ್ದವು. ದ್ರಾಕ್ಷಿ ಬಣ್ಣದ್ದು ಮುಗಿದು ನಾಳೆ ಹೋಗಬೇಕು, ಹಸಿರಿನದು ಮತ್ತು ಇನ್ನೊಂದು ರಿಪೇರಿಗೆ ಬಂದವು. ಆ ಔಷಧ ಬಟ್ಟೆಗೆ ತಾಗಿದರೆ ಕಲೆ ಸಾಯುವವರೆಗೂ ಹೋಗುವುದಿಲ್ಲ. ಓಡಿಹೋಗಿ ಮೂರಕ್ಕೂ ಪ್ಲಾಸ್ಟಿಕ್ ಹೊದಿಸಿದೆ.

"ಗೋಡೆಗೆ ಎಷ್ಟು ಬೇಕಾದ್ರೂ ಹೊಡೀರಿ ತಾಯಿ, ಸೋಫಾ ಮಾತ್ರ ಮುಟ್ಬೇಡಿ. ಗಿರಾಕಿಗಳು ನನ್ನ ಚರ್ಮ ಸುಲೀತಾರೆ."

ಗೋಡೆಗೆ ಹೊಡೆದರು. ಅಷ್ಟರಲ್ಲಿ ನಾನು ಮನೆಯ ನಾಯಿ ಪಿನೋಲೆಯ ಕಿವಿಯಿಂದ ಒಂದು ಉಣುಗು ಕಿತ್ತು ಎರಡು ಹೆಬ್ಬೆರಳ ಉಗುರಿನ ನಡುವೆ ಕುಕ್ಕಿದೆ. ಇಬ್ಬರಲ್ಲಿ ಹಿರಿಯಳು ಕೂಗಿಕೊಂಡಳು.

"ಅಯ್ಯೋ ಯಜಮಾನ್ರೇ, ಉಗುರಲ್ಲಿ ಕುಕ್ಕಬೇಡಿ! ಅದ್ರ ರಕ್ತದಲ್ಲೇ ಇರೋದು ಕಾಯಿಲೆ. ಚಿಮಟದಲ್ಲಿ ಕಿತ್ತು ಸ್ಪಿರಿಟ್‌ಗೆ ಹಾಕಿ."

"ನಾನು ಹುಟ್ಟಿದಾಗಿನಿಂದ ಕುಕ್ತಿದೀನಿ ತಾಯಿ. ಸತ್ತಿಲ್ಲ ಇನ್ನೂ."

ಸಂಜೆ ಮಗಳು ನೆರೆಯ್ದಾ ವೈರ್ ಕಾರ್ಖಾನೆಯ ಪಾಳಿ ಮುಗಿಸಿ ಬಂದವಳು ಚೀಲವನ್ನೂ ಇಳಿಸದೆ ಹೇಳಿದಳು: "ಅಪ್ಪಾ, ಒಂದೇ ಒಂದು ಉಣುಗು ನನ್ನ ಮಗಳ ಮೈಮೇಲೆ ಕಂಡ್ರೂ ಆ ನಾಯಿ ಈ ಮನೇಲಿರಲ್ಲ. ಈಗ್ಲೇ ಹೇಳಿದೀನಿ."

ಅದು ನನ್ನ ನಾಯಿಯಲ್ಲ, ಇದನ್ನೂ ಬರೆದಿಡುತ್ತೇನೆ. ಎರಡು ವರ್ಷದ ಹಿಂದೆ ಮೊಮ್ಮಗಳು ಯಾರೆಲಿ ಕಸದ ಗುಂಡಿಯಿಂದ ಎತ್ತಿಕೊಂಡು ಬಂದದ್ದು. ಹುರಿದ ಜೋಳದ ಹಿಟ್ಟಿನ ಬಣ್ಣ, ಅದಕ್ಕೇ ಪಿನೋಲೆ ಎಂದು ಹೆಸರಿಟ್ಟಳು. ನನಗೆ ನಾಯಿಗಳೆಂದರೆ ಅಷ್ಟಕ್ಕಷ್ಟೇ. ಆದರೆ ಆರು ವರ್ಷದ ಹುಡುಗಿ ಅದಿಲ್ಲದೆ ಊಟಕ್ಕೆ ಕೂರುವುದಿಲ್ಲ.

ಜೂನ್ 5. 150/95

ದನಗಳಿಗೆ ಹಾಕುವ ಔಷಧವನ್ನು ಬಕೆಟ್ಟಿಗೆ ಬೆರೆಸಿ ಪಿನೋಲೆಗೆ ಸ್ನಾನ ಮಾಡಿಸಿದೆ. ಅಂಗಡಿಯವನು ಹೇಳಿದ್ದಕ್ಕಿಂತ ಒಂದು ಮುಚ್ಚಳ ಹೆಚ್ಚೇ ಹಾಕಿದೆ, ಒಂದೇ ಸಲಕ್ಕೆ ಪೀಡೆ ತೊಲಗಲಿ ಎಂದು. ನಾಯಿ ಮಧ್ಯಾಹ್ನವೆಲ್ಲ ಜೊಲ್ಲು ಸುರಿಸಿಕೊಂಡು ಕಾಲು ನಡುಗಿಸುತ್ತ ಮಲಗಿತ್ತು. ಯಾರೆಲಿ ಪಕ್ಕದಲ್ಲಿ ಕೂತು ನನ್ನನ್ನು ಕೊಲೆಗಾರನಂತೆ ನೋಡಿದಳು. ಸಂಜೆ ಅದು ಎದ್ದು ನೀರು ಕುಡಿದ ಮೇಲೆ ಜೀವ ಬಂತು, ನಾಯಿಗೂ ನನಗೂ.

ಅರವತ್ತೊಂದು ಉಣುಗು ಉದುರಿದವು. ಯಾರೆಲಿ ಎಣಿಸಿದಳು. ಅವಳಿಗೆ ಅರವತ್ತರ ಮೇಲೆ ಎಣಿಸಲು ಬರುತ್ತದೆಂದು ನನಗೆ ಗೊತ್ತಿರಲಿಲ್ಲ.

ಜೂನ್ 12. ಯಂತ್ರದ ಬ್ಯಾಟರಿ ಮುಗಿದಿದೆ

ಸಂಜೆ ನಾಯಿಯ ಮೈ ಕನ್ನಡಿಯಂತಿರುತ್ತದೆ. ಬೆಳಿಗ್ಗೆ ನೋಡಿದರೆ ಕಿವಿಯೊಳಗೆ ಹದಿನೆಂಟು, ಬೆರಳ ಸಂದಿಯಲ್ಲಿ ಹತ್ತು. ತಲೆ ಕೆಟ್ಟುಹೋಗಿದೆ. ನಿಂಬೆಹಣ್ಣು ತಿಕ್ಕಿದೆ, ಪುಡಿ ಉದುರಿಸಿದೆ, ಅಂಗಳಕ್ಕೆ ಸುಣ್ಣ ಹಾಕಿದೆ. ದಿನಾ ಕೆಲಸ ಬಿಟ್ಟು ಒಂದು ಗಂಟೆ ಅದನ್ನು ತೊಡೆಯ ಮೇಲೆ ಹಾಕಿಕೊಂಡು ಕೂರುತ್ತೇನೆ. ಕಿವಿ ಮಡಿಚುವಾಗ ಕಣ್ಣು ಮುಚ್ಚಿಕೊಳ್ಳುತ್ತದೆ, ನೋವಾದರೂ ಹಲ್ಲು ತೋರಿಸುವುದಿಲ್ಲ. ಎಡಗಿವಿಯ ಒಳಗೆ ಒಂದು ಕಪ್ಪು ಮಚ್ಚೆಯಿದೆ. ಮೊದಲ ಸಲ ಅದನ್ನೇ ಉಣುಗೆಂದು ಎಳೆದುಬಿಟ್ಟಿದ್ದೆ.

ಎಲ್ಲಿಂದ ಬರುತ್ತಿವೆಯೆಂದು ನನಗೆ ಗೊತ್ತು. ಗೋಡೆಯಾಚೆ ದೊನ್ಯಾ ತೋಮಾಸಾಳ ಐದು ನಾಯಿಗಳಿವೆ. ಗೋಡೆ ಹತ್ತಿಕೊಂಡು ಬರುವುದನ್ನು ಕಣ್ಣಾರೆ ನೋಡಿದ್ದೇನೆ.

ಹಸಿರು ಸೋಫಾ ಮುಗಿಯಿತು. ಕಾಲುವೆಯಾಚೆಯ ಗಿರಾಕಿ ಅದನ್ನು ಒಯ್ಯಲು ಇನ್ನೂ ಬಂದಿಲ್ಲ. ಹಳೆಯ ಬಟ್ಟೆ ಹಾಗೇ ಇರಲಿ ಎಂದು ಅದರ ಮೇಲೆಯೇ ಹೊಸದನ್ನು ಬಿಗಿಯಾಗಿ ಎಳೆದು ಮೊಳೆ ಹೊಡೆದೆ. ಈ ಕಡೆ ನಾವೆಲ್ಲ ಹಾಗೇ ಮಾಡುವುದು. ಕೆಲಸ ಬೇಗ ಮುಗಿಯುತ್ತದೆ, ಕೂತರೆ ಮೆತ್ತಗೂ ಇರುತ್ತದೆ. ಈ ಸೆಕೆಯಲ್ಲಿ ಒಳಗೆ ಯಾರು ಮಲಗುತ್ತಾರೆ? ನಾನೂ ನೆರೆಯ್ದಾಳೂ ಅಂಗಳದಲ್ಲಿ ಮಡಿಚುವ ಮಂಚ ಹಾಕಿಕೊಳ್ಳುತ್ತೇವೆ. ಯಾರೆಲಿ, ಪಿನೋಲೆ ಇಬ್ಬರೂ ಹಸಿರು ಸೋಫಾದ ರಾಜರು.

ಜೂನ್ 19

ಗೋಡೆಯ ಮೇಲೆ ಎರಡು ಮೊಳ ಎತ್ತರಕ್ಕೆ ತಗಡು ಹೊಡೆದೆ. ಸದ್ದು ಕೇಳಿ ತೋಮಾಸಾ ಕುರ್ಚಿ ಹತ್ತಿ ಇಣುಕಿದಳು.

"ಏನಪ್ಪಾ ಬೌದೇಲಿಯೊ, ಕೋಟೆ ಕಟ್ತಿದೀಯಾ? ಯಾರ ಮೇಲೆ ಯುದ್ಧ?"

"ನಿನ್ನ ದಂಡಿನ ಮೇಲೆ. ನಿನ್ನ ನಾಯಿಗಳ ಉಣುಗೆಲ್ಲ ನಮ್ಮನೇಗೆ ಬೀಗರೂಟಕ್ಕೆ ಬರ್ತಿವೆ."

"ನನ್ನ ನಾಯಿಗಳಾ? ಬಾರೋ ಇಲ್ಲಿ, ಐದನ್ನೂ ಅಂಗಾತ ಮಲಗಿಸ್ತೀನಿ, ಒಂದು ಉಣುಗು ತೋರಿಸು. ತಿಂಗಳು ತಿಂಗಳೂ ಡಾಕ್ಟ್ರು ಕೊಟ್ಟ ಮಾತ್ರೆ ತಿನ್ನಿಸ್ತೀನಿ. ಎರಡು ಮಾತ್ರೆ ಉಳಿದಿವೆ, ನಿನ್ನ ಪಿನೋಲೆಗೂ ಕೊಡ್ತೀನಿ ತಗೋ. ಹಾಗೇ ನಿನ್ನ ಅಂಗಳದ ಕಸಾನೂ ಒಂದ್ಸಲ ನೋಡ್ಕೋ, ಪರವಾಗಿಲ್ಲ."

"ಅದು ಕಸ ಅಲ್ಲ, ನನ್ನ ಅನ್ನ. ನಿನ್ನ ಗಂಡ ಯಾಕೆ ಬಿಟ್ಟು ಓಡಿದ ಅಂತ ಈಗ ಗೊತ್ತಾಯ್ತು ಬಿಡು."

ಕುರ್ಚಿಯಿಂದ ಇಳಿದು ಹೋದಳು. ಮಾತು ಸ್ವಲ್ಪ ಹೆಚ್ಚಾಯಿತೇನೋ. ಹೆಚ್ಚಾಗಲಿ. ಅವಳ ಮಾತ್ರೆ ನನಗೆ ಬೇಡ.

ಜೂನ್ 24, ಸಂತ ಹ್ವಾನನ ಹಬ್ಬ

ಬೀದಿಯಲ್ಲೆಲ್ಲ ನೀರೆರಚಾಟ. ಈ ದಿನ ಮಳೆ ಬರಲೇಬೇಕೆಂದು ನಮ್ಮವರ ಹಟ, ಬರದಿದ್ದರೆ ಬಕೆಟ್ಟಿನಿಂದಲಾದರೂ ಬರಿಸುತ್ತಾರೆ. ಯಾರೆಲಿ ಮಗ್ಗು ಹಿಡಿದು ಬೀದಿಯ ಒಬ್ಬರನ್ನೂ ಬಿಡಲಿಲ್ಲ. ಪಾದ್ರಿಗೂ ಎರಚಿದಳು. ಪಿನೋಲೆ ನೀರನ್ನು ಕಚ್ಚಲು ಹೋಗಿ ಹೋಗಿ ಬರಿಗಾಳಿಗೆ ಬಾಯಿ ಹಾಕಿತು. ಬಹಳ ದಿನದ ಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕೆ.

ಸಂಜೆ ನೆರೆಯ್ದಾ ಮಗಳ ತಲೆ ಒರೆಸುತ್ತಿದ್ದವಳು ಕೈ ನಿಲ್ಲಿಸಿದಳು. ಕಿವಿಯ ಹಿಂದೆ, ಕೂದಲ ಬುಡದಲ್ಲಿ, ಚಪ್ಪಟೆಯದು, ಕಂದು ಬಣ್ಣದ್ದು. ಕೂಗಾಡುತ್ತಾಳೆಂದುಕೊಂಡೆ. ಕೂಗಲಿಲ್ಲ. ಚಿಮಟದಿಂದ ಕಿತ್ತು ಸ್ಪಿರಿಟ್ಟಿಗೆ ಹಾಕಿ ಬಾಟಲಿಯನ್ನು ನನ್ನ ಮುಂದಿಟ್ಟಳು.

"ನಾಳೆ ಬುಧವಾರ. ನಾಯಿ ಒಯ್ಯೋ ಗಾಡಿ ಬರತ್ತೆ."

"ಇನ್ನೊಂದು ವಾರ ನೋಡೋಣ ಮಗಾ. ಬೇರೆ ಔಷಧ ತರ್ತೀನಿ."

"ಅಪ್ಪಾ, ಟ್ಯಾಂಕಿನ ಹತ್ರದ ಆ ಹುಡುಗನ ತಾಯಿ ನನ್ನ ಜೊತೆ ಕೆಲಸ ಮಾಡ್ತಿದ್ಳು. ಇನ್ನೊಂದು ವಾರ ಅಂತ ಅವ್ಳೂ ಅಂದಿದ್ಳು."



ಜೂನ್ 25

ಯಾರೆಲಿ ಶಾಲೆಗೆ ಹೋದ ಮೇಲೆ ನಾಯಿಯನ್ನು ಕರೆದುಕೊಂಡು ಹೋದೆ. ನಗರಸಭೆಯ ಗಾಡಿ ಮೂಲೆಯಲ್ಲಿ ನಿಂತಿತ್ತು. ಅಡ್ಡಾಡಲು ಹೊರಟೆವೆಂದು ಪಿನೋಲೆ ಬಾಲ ಆಡಿಸುತ್ತ ಬಂತು.

"ಮಾಲೀಕರು ಯಾರು?" ಎಂದು ಕೇಳಿದ ಗಾಡಿಯವನು. ನಾನು ಎಂದೆ. ಹೆಸರು ಬರೆದುಕೊಟ್ಟೆ.

"ಎಷ್ಟು ದಿನ ಇಟ್ಕೋತೀರಿ?"

"ಬೀದಿ ನಾಯಿಯಾದ್ರೆ ಮೂರು ದಿನ. ಮಾಲೀಕರೇ ತಂದು ಕೊಟ್ಟಿದ್ದಾದ್ರೆ ಯಾರೂ ಹುಡುಕ್ಕೊಂಡು ಬರಲ್ವಲ್ಲ, ಇವತ್ತೇ ಮುಗಿಸ್ತೀವಿ ಯಜಮಾನ್ರೇ."

ಯಾರೆಲಿಗೆ ತೋಟದ ಮನೆಗೆ ಕಳಿಸಿದ್ದೇವೆ, ಅಲ್ಲಿ ಹಸು ಕಾಯುತ್ತದೆ ಎಂದೆವು. ನಂಬಿದಳು. ನನ್ನ ಕೈಯಲ್ಲಿ ಇನ್ನೂ ಅದರ ವಾಸನೆಯಿದೆ.

ಜೂನ್ 26. 170/105

ಜುಲೈ 3

ಮನೆ ಶುದ್ಧವಾಯಿತು. ನೆರೆಯ್ದಾ ದಿನಾ ಮಗಳ ತಲೆ ನೋಡುತ್ತಾಳೆ, ಏನೂ ಇಲ್ಲ. ಮಾಡಬೇಕಾದ್ದನ್ನೇ ಮಾಡಿದ್ದೇವೆ. ಇದನ್ನು ದಿನಕ್ಕೆ ಹತ್ತು ಸಲ ಹೇಳಿಕೊಳ್ಳುತ್ತೇನೆ.

ಹಸಿರು ಸೋಫಾದವನ ಪತ್ತೆಯೇ ಇಲ್ಲ. ಒಂದು ಲೆಕ್ಕಕ್ಕೆ ಒಳ್ಳೆಯದೇ. ಯಾರೆಲಿ ಶಾಲೆಯಿಂದ ಬಂದವಳು ನೇರ ಅದರ ಮೇಲೆ ಹೋಗಿ, ಪಿನೋಲೆ ಮಲಗುತ್ತಿದ್ದ ಮೂಲೆಯಲ್ಲಿ ಮುಖ ಒತ್ತಿಕೊಂಡು ಮಲಗುತ್ತಾಳೆ. ವಾಸನೆ ಇನ್ನೂ ಇದೆಯಂತೆ. ಮಲಗಲಿ ಬಿಡು ಎಂದು ನಾನೇ ನೆರೆಯ್ದಾಗೆ ಹೇಳಿದೆ.

ಜುಲೈ 7, ಸೋಮವಾರ

ಶನಿವಾರದಿಂದ ಯಾರೆಲಿಗೆ ಜ್ವರ, ತಲೆನೋವು. ಇವತ್ತು ಎರಡು ಸಲ ವಾಂತಿ. ನೆರೆಯ್ದಾಗೆ ರಜೆ ಸಿಗಲಿಲ್ಲ. ನಾನೇ ಹೊತ್ತುಕೊಂಡು ಚಿಕಿತ್ಸಾಲಯಕ್ಕೆ ಹೋದೆ. ಎಳೆಯ ವಯಸ್ಸಿನ ಡಾಕ್ಟರಮ್ಮ, ಹೊರಗೆ ನಲವತ್ತು ಜನ ಕಾಯುತ್ತಿದ್ದರು.

"ಮನೇಲಿ ನಾಯಿ ಇದೆಯಾ?"

"ಇಲ್ಲ ಡಾಕ್ಟ್ರೇ. ಒಂದೂ ಇಲ್ಲ." ಎದೆಯುಬ್ಬಿಸಿಯೇ ಹೇಳಿದೆ.

"ಹಾಗಾದ್ರೆ ಡೆಂಗಿ ಇರಬೇಕು. ಈ ವಾರ ಎಲ್ಲ ಅದೇ. ಜ್ವರಕ್ಕೆ ಇದು ಕೊಡಿ, ಚೆನ್ನಾಗಿ ನೀರು ಕುಡಿಸಿ."

ಹಬ್ಬದ ದಿನ ಕಿವಿಯ ಹಿಂದೆ ಸಿಕ್ಕಿದ್ದು ನಾಲಿಗೆ ತುದಿಗೆ ಬಂತು. ಎರಡು ವಾರದ ಹಿಂದಿನ ಮಾತು. ಅವರು ಆಗಲೇ ಮುಂದಿನವರ ಹೆಸರು ಕರೆದಿದ್ದರು. ಓದಿದವರ ಮುಂದೆ ಮಾತು ಬೆಳೆಸುವುದು ನನಗೆ ಬರುವುದಿಲ್ಲ. ಟೋಪಿ ತೆಗೆದು, ನಮಸ್ಕಾರ, ಉಪಕಾರವಾಯಿತು ಎಂದು ಹೇಳಿ ಬಂದೆ.

ಡೆಂಗಿ ತಾನೇ. ನೆರೆಯ್ದಾಗೆ ಬಂದು ಹೋಗಿದೆ, ನನಗೂ ಬಂದು ಹೋಗಿದೆ.

ಜುಲೈ 9

ಆಸ್ಪತ್ರೆಯ ಹೊರಗೆ ಮೆಟ್ಟಿಲ ಮೇಲೆ ಕೂತು ಬರೆಯುತ್ತಿದ್ದೇನೆ. ಒಳಗೆ ಒಬ್ಬರಿಗೇ ಜಾಗ, ನೆರೆಯ್ದಾ ಇದ್ದಾಳೆ.

ಬೆಳಿಗ್ಗೆ ತೋಮಾಸಾ ಬಂದಳು. ತಗಡು ಹೊಡೆದ ದಿನದಿಂದ ನನ್ನೊಡನೆ ಮಾತಿಲ್ಲ, ಆದರೂ ಮಗುವಿಗೆ ಹುಷಾರಿಲ್ಲವೆಂದು ಕೇಳಿ ಐಸು, ಕೋಳಿಸಾರು ಹಿಡಿದುಕೊಂಡು ಬಂದಿದ್ದಳು. ಹಸಿರು ಸೋಫಾದ ಮೇಲೆ ಮಲಗಿದ್ದ ಯಾರೆಲಿಯ ಕೈ ಹಿಡಿದಳು. ಅಂಗೈ ಬಿಡಿಸಿದಳು. ಆಮೇಲೆ ಅಂಗಾಲು ನೋಡಿದಳು. ಸಣ್ಣ ಸಣ್ಣ ಕೆಂಪು ಚುಕ್ಕೆಗಳು.

"ಇದು ಡೆಂಗಿ ಅಲ್ವೋ ಮಂಕೇ! ಅಂಗೈಗೆ ಬಂದಿದೆ ನೋಡು. ಎಷ್ಟು ದಿನ ಆಯ್ತು?"

"ಐದು. ಡಾಕ್ಟ್ರೇ ಡೆಂಗಿ ಅಂದ್ರು. ನಾಯಿ ಇಲ್ವಲ್ಲ ತೋಮಾಸಾ, ನಾಯಿ ಕೊಟ್ಬಿಟ್ವಲ್ಲ."

"ಡಾಕ್ಟ್ರನ್ನ ಒಲೇಗೆ ಹಾಕು. ಮಗು ಎತ್ಕೋ, ನನ್ನ ತಮ್ಮನ ಗಾಡಿ ತರಿಸ್ತೀನಿ."

ದಾರಿಯುದ್ದಕ್ಕೂ ತೋಮಾಸಾಳೇ ಅವಳನ್ನು ತೊಡೆಯ ಮೇಲೆ ಹಾಕಿಕೊಂಡಿದ್ದಳು.

ಜುಲೈ 10

ಡಾಕ್ಸಿಸೈಕ್ಲಿನ್ ಎಂಬ ಔಷಧ ಕೊಡುತ್ತಿದ್ದಾರೆ. ಮೊದಲೆರಡು ದಿನದಲ್ಲೇ ಶುರುವಾಗಿದ್ದರೆ ಎಂದರು ದೊಡ್ಡ ಡಾಕ್ಟರು, ಮುಂದಿನದನ್ನು ಹೇಳಲಿಲ್ಲ. ಮೂತ್ರಪಿಂಡ ನಿಂತಿದೆ.

ಹತ್ತು ನಿಮಿಷ ಒಳಗೆ ಬಿಟ್ಟರು. ನನ್ನನ್ನು ಗುರುತಿಸಿದಳು. "ತಾತಾ, ಪಿನೋಲೆಗೂ ತಲೆನೋವು ಬಂದಿದ್ಯಾ?" ಎಂದಳು. ಇಲ್ಲ ಚಿನ್ನಾ, ಅದು ಚೆನ್ನಾಗಿದೆ ಎಂದೆ.

ದೇವರೇ, ನನ್ನನ್ನು ತಗೋ. ಅರವತ್ತಮೂರು ವರ್ಷ ಆಗಿದೆ, ಸಾಕು. ನನ್ನನ್ನು ತಗೋ.

ಜುಲೈ 12

ಯಾರೆಲಿ ಹೋದಳು. ಬೆಳಿಗ್ಗೆ ಹನ್ನೊಂದಕ್ಕೆ.

ಜುಲೈ 21

ಒಂಬತ್ತು ದಿನದ ಪ್ರಾರ್ಥನೆ ಇವತ್ತು ಮುಗಿಯಿತು. ದಿನಾ ಮಧ್ಯಾಹ್ನ ನಾಲ್ಕಕ್ಕೆ ಬೀದಿಯ ಹೆಂಗಸರೆಲ್ಲ ಬಂದು ಜಪಮಾಲೆ ಹಿಡಿದು ಕೂರುತ್ತಿದ್ದರು. ಕುರ್ಚಿ ಸಾಲದೆ ಸೋಫಾಗಳನ್ನೂ ಎಳೆದು ಹಾಕಿದ್ದೆ. ಎಲ್ಲರಿಗೂ ಕಾಫಿ, ಸಿಹಿ ರೊಟ್ಟಿ ಕೊಟ್ಟೆ. ಏನಾದರೂ ಕೈಯಲ್ಲಿ ಹಿಡಿದುಕೊಂಡು ಓಡಾಡುತ್ತಿದ್ದರೆ ಹೊತ್ತು ಹೋಗುತ್ತದೆ.

ಇವತ್ತು ಕೊನೆಯ ಪ್ರಾರ್ಥನೆಯ ನಡುವೆ ಹಸಿರು ಸೋಫಾದ ಮೇಲಿದ್ದ ತೋಮಾಸಾ ತನ್ನ ಕಪ್ಪು ಶಾಲಿನಿಂದ ಏನನ್ನೋ ಹೆಕ್ಕಿದಳು. ಅದನ್ನು ನೋಡಿದಳು. ನನ್ನನ್ನು ನೋಡಿದಳು. ತುಟಿ ಪ್ರಾರ್ಥನೆ ಹೇಳುತ್ತಲೇ ಇತ್ತು. ಎದ್ದು ಹೋಗುವಾಗ ನನ್ನ ಅಂಗೈಗೆ ಅದನ್ನು ಹಾಕಿ ಹೋದಳು.

ಉಣುಗು. ನಾಯಿ ಹೋಗಿ ತಿಂಗಳಾಗುತ್ತ ಬಂತು.

ಎಲ್ಲರೂ ಹೋದ ಮೇಲೆ ಹೊಲಿಗೆ ಬಿಚ್ಚುವ ಚಾಕು ತಂದು ಹಸಿರು ಸೋಫಾದ ಬೆನ್ನು ಸೀಳಿದೆ. ನಾನೇ ಬಿಗಿದ ಹೊಸ ಬಟ್ಟೆಯ ಕೆಳಗೆ ಹಳೆಯ ಬಟ್ಟೆ. ಅದರ ಮಡಿಕೆಗಳಲ್ಲಿ, ಪಟ್ಟಿಯ ಸಂದಿಯಲ್ಲಿ, ಮರದ ಚೌಕಟ್ಟಿನ ಬಿರುಕಿನಲ್ಲಿ ಎಳ್ಳು ಚೆಲ್ಲಿದ ಹಾಗೆ ಇದ್ದವು. ಬೆಳಕು ಬಿದ್ದೊಡನೆ ಎಲ್ಲ ಹರಿದಾಡತೊಡಗಿದವು. ಪಿನೋಲೆ ಮಲಗುತ್ತಿದ್ದ ಮೂಲೆಯಲ್ಲಿ, ಯಾರೆಲಿ ಮುಖ ಒತ್ತಿಕೊಳ್ಳುತ್ತಿದ್ದ ಮೂಲೆಯಲ್ಲಿ ಹೆಚ್ಚು.

ಕಾಲುವೆಯಾಚೆ ಯಾವನದೋ ಅಂಗಳದಲ್ಲಿ ವರ್ಷಗಟ್ಟಲೆ ಯಾವುದೋ ನಾಯಿ ಮಲಗಿದ್ದ ಸೋಫಾ. ನಾನೇ ಒಳಗೆ ತಂದೆ. ಔಷಧ ಹೊಡೆಯಲು ಬಂದವರಿಂದ ಪ್ಲಾಸ್ಟಿಕ್ ಹೊದಿಸಿ ಕಾಪಾಡಿದೆ. ಮೇಲೆ ಹೊಸ ಬಟ್ಟೆ ಹೊದಿಸಿ ಮೊಳೆ ಹೊಡೆದೆ. ನಾಯಿ ಇರುವವರೆಗೆ ಅವು ನಾಯಿಯನ್ನು ಕಚ್ಚುತ್ತಿದ್ದವು. ನಾಯಿಯನ್ನು ನಾನು ಕೊಲ್ಲಲು ಕೊಟ್ಟೆ. ಆಮೇಲೆ ಅವುಗಳಿಗೆ ಉಳಿದವಳು ಅವಳೊಬ್ಬಳೇ.

ಡಾಕ್ಟರಮ್ಮ ಸರಿಯಾದ ಪ್ರಶ್ನೆಯನ್ನೇ ಕೇಳಿದ್ದರು.

ಜುಲೈ 23

ನೆರೆಯ್ದಾಗೆ ಹೇಳಿದೆ. ಅವಳು ಯಾರೆಲಿಯ ಬಟ್ಟೆಗಳನ್ನು ಮಡಿಚುತ್ತಿದ್ದಳು. ಸೀಳಿದ ಸೋಫಾವನ್ನು ಬಂದು ನೋಡಿದಳು.

"ಬಯ್ಯಿ ಮಗಾ. ಏನಾದ್ರೂ ಅನ್ನು."

"ನಾಯಿ ಕೊಡು ಅಂದವ್ಳು ನಾನು. ಇದ್ದಿದ್ರೆ ಡಾಕ್ಟ್ರಿಗೆ ಇದೆ ಅಂತ ಹೇಳ್ತಿದ್ದೆ ತಾನೇ ನೀನು?"

"ಹೇಳ್ತಿದ್ದೆ."

"ಸರಿ ಹಾಗಾದ್ರೆ. ನನ್ನನ್ನೇನು ಕೇಳ್ತೀಯಾ."

ಸಂಜೆಯ ಬಸ್ಸಿಗೆ ಗುಅಯ್ಮಾಸ್ ಊರಿನಲ್ಲಿರುವ ಗೆಳತಿಯ ಮನೆಗೆ ಹೊರಟುಹೋದಳು. ಬರುತ್ತೇನೆ ಎನ್ನಲಿಲ್ಲ, ಬರುವುದಿಲ್ಲ ಎಂದೂ ಅನ್ನಲಿಲ್ಲ. ಬಯ್ದಿದ್ದರೆ ಚೆನ್ನಾಗಿತ್ತು.

ಜುಲೈ 31

ಏನೂ ಇಲ್ಲ.

ಆಗಸ್ಟ್ 8

ಸೋಫಾಗಳನ್ನು ಗುಡ್ಡದ ಹಿಂದೆ ಒಯ್ದು ಸುಟ್ಟೆ. ಹಸಿರು ಸೋಫಾದವನಿಗೆ ವಿಷಯ ತಿಳಿದು ಬಂದು ಕೊರಳಪಟ್ಟಿ ಹಿಡಿದ. ಹಿಡಿಯಲಿ ಎಂದು ಸುಮ್ಮನೆ ನಿಂತೆ. ಆಮೇಲೆ ಅವನೇ ಬಿಟ್ಟ.

ಮಲಗಿದ್ದಾಗ ಒಂದು ಹೊಳೆದು ಎದ್ದು ಕೂತೆ. ಏಪ್ರಿಲಿನಿಂದ ನನ್ನ ಅಂಗಳದಿಂದ ಒಂಬತ್ತು ಸೋಫಾ ಹೊರಗೆ ಹೋಗಿವೆ. ಎಲ್ಲಕ್ಕೂ ಹಳೆಯದರ ಮೇಲೆ ಹೊಸದು. ಎಲ್ಲವೂ ಹಸಿರಿನದರ ಪಕ್ಕದಲ್ಲೋ ಅಂಥದ್ದೇ ಇನ್ನೊಂದರ ಪಕ್ಕದಲ್ಲೋ ಇದ್ದವು.

ಆಗಸ್ಟ್ 17

ಆರು ಮನೆಗೆ ಹೋಗಿ ಬಂದೆ. ಇಬ್ಬರು ಬಿಚ್ಚಲು ಬಿಟ್ಟರು, ಒಂದರಲ್ಲಿ ಇದ್ದವು. ಮೂವರು ಮುದುಕನಿಗೆ ದುಃಖದಲ್ಲಿ ತಲೆ ಕೆಟ್ಟಿದೆಯೆಂದು ಕಾಫಿ ಕೊಟ್ಟು ಕಳಿಸಿದರು. ಒಬ್ಬ ಬಾಗಿಲೇ ತೆಗೆಯಲಿಲ್ಲ. ನಾಳೆ ಮತ್ತೆ ಹೋಗಬೇಕು. ಏನೂ ಪ್ರಯೋಜನವಿಲ್ಲ, ಆದರೂ ಮನೆಯಲ್ಲಿ ಕೂತರೆ ಗೋಡೆಗಳು ಮೈಮೇಲೆ ಬರುತ್ತವೆ.

ಸಂಜೆ ತೋಮಾಸಾಳ ಅಂಗಳದಲ್ಲಿ ಅವಳ ನಾಯಿಗಳ ಕಿವಿ ನೋಡುತ್ತೇನೆ. ಅವಳಿಗೆ ಕಣ್ಣು ಮಂದ, ಅದಕ್ಕೆ. ಕೈಗವಸು ಹಾಕಿಕೊಂಡು ಚಿಮಟದಲ್ಲಿ ಹುಡುಕುತ್ತೇನೆ. ಇವತ್ತಿನವರೆಗೆ ಒಂದೂ ಸಿಕ್ಕಿಲ್ಲ.

"ನನ್ನ ಗಂಡ ಯಾಕೆ ಓಡಿದ ಗೊತ್ತೇನೋ?" ಎಂದಳು ಇವತ್ತು. "ನನ್ನ ಬಾಯಿಗೆ ಹೆದರಿ. ನೀನು ಸರಿಯಾಗೇ ಅಂದಿದ್ದೆ."

"ತಪ್ಪಾಯ್ತು ತೋಮಾಸಾ."

"ಆ ಕರಿ ನಾಯೀದು ಇನ್ನೊಂದು ಕಿವಿ ಬಿಟ್ಟಿದೀಯಾ ನೋಡು."

ಸೆಪ್ಟೆಂಬರ್ 2

ಒಂಬತ್ತರಲ್ಲಿ ಎಂಟು ಸೋಫಾ ಸಿಕ್ಕವು. ಉಳಿದದ್ದು ದ್ರಾಕ್ಷಿ ಬಣ್ಣದ್ದು, ಬ್ರಿಸೇಯ್ದಾ ಎಂಬ ಹುಡುಗಿಯದು. ಮಳೆಗಾಲದ ಮೊದಲೇ ಮನೆ ಬದಲಾಯಿಸಿದ್ದಾಳೆ. ಹಳೆಯ ಮನೆಯ ಅಕ್ಕಪಕ್ಕದವರಿಗೆ ಗೊತ್ತಿಲ್ಲ. ಅವಳು ಕೆಲಸ ಮಾಡುತ್ತಿದ್ದ ರೊಟ್ಟಿ ಅಂಗಡಿಯವರಿಗೂ ಗೊತ್ತಿಲ್ಲ. ಉತ್ತರದ ಬಡಾವಣೆಗಳಲ್ಲಿ ಎಲ್ಲೋ ಇದ್ದಾಳಂತೆ. ಅಲ್ಲಿ ಮನೆಗಳೇನು ಒಂದೆರಡೇ.

ಸೆಪ್ಟೆಂಬರ್ 9, ಮಂಗಳವಾರ

ಮೊಣಕಾಲು ಎರಡೂ ಹಿಡಿದುಕೊಂಡಿವೆ. ಈ ವಯಸ್ಸಿನಲ್ಲಿ ಆಸ್ಪತ್ರೆಯ ನೆಲದ ಮೇಲೆ ಕೂತರೆ ಇನ್ನೇನಾಗುತ್ತದೆ.

ಬೆಳಿಗ್ಗೆ ಬ್ರಿಸೇಯ್ದಾಳ ಮನೆ ಸಿಕ್ಕಿತು. ಬಾಗಿಲಲ್ಲೇ ದ್ರಾಕ್ಷಿ ಬಣ್ಣದ ಸೋಫಾ ಕಂಡಿತು, ಅದರ ಮೇಲೆ ಮೂರು ವರ್ಷದ ಹೆಣ್ಣುಮಗು ಮುಖ ಕೆಂಪೇರಿ ಮಲಗಿತ್ತು.

"ಜ್ವರ ಯಾವಾಗಿಂದಮ್ಮಾ?"

"ನಿನ್ನೆಯಿಂದ. ನೀವ್ಯಾಕೆ ಬಂದ್ರಿ ದೊನ್ ಬೌದೇಲಿಯೊ? ಸೋಫಾ ಚೆನ್ನಾಗೇ ಇದೆಯಲ್ಲ."

ಬಿಚ್ಚಿ ತೋರಿಸುವಷ್ಟು ಹೊತ್ತಿರಲಿಲ್ಲ. ಮೂಲೆಯ ಹೊಲಿಗೆಗೆ ಚಾಕು ಹಾಕಿ ಒಂದು ಗೇಣು ಎಳೆದೆ, ಅಷ್ಟೇ ಸಾಕಾಯಿತು. ಅವಳು ಚೀರಿ ಮಗುವನ್ನು ಎತ್ತಿಕೊಂಡಳು. ಟ್ಯಾಕ್ಸಿಯಲ್ಲಿ ಎಲ್ಲ ಹೇಳಿದೆ. ಯಾರ ಅಂಗಳದಿಂದ ಬಂದದ್ದು, ಯಾರು ಹೊಲಿದದ್ದು, ನನ್ನ ಮೊಮ್ಮಗಳಿಗೆ ಏನಾಯಿತು, ಒಂದನ್ನೂ ಬಿಡದೆ. ಅವಳು ಕಿಟಕಿಯಾಚೆ ನೋಡುತ್ತ ಕೇಳಿಸಿಕೊಂಡಳು.

ತುರ್ತು ವಿಭಾಗದ ಡಾಕ್ಟರು ನೆತ್ತಿ ಬೋಳಾದ ಗಂಡಸು. ಮಗುವಿನ ಬಾಯಿ, ಕಣ್ಣು ನೋಡಿ ಕೇಳಿದರು: "ಮನೇಲಿ ನಾಯಿ ಇದೆಯಾ?"

"ಇಲ್ಲ ಡಾಕ್ಟ್ರೇ" ಎಂದಳು ಬ್ರಿಸೇಯ್ದಾ. ನಿಜವೇ, ಅವಳ ಮನೆಯಲ್ಲಿ ನಾಯಿ ಇಲ್ಲ.

"ಸೋಫಾ ಇದೆ" ಎಂದೆ ನಾನು. ಹೊಲಿಗೆಯಿಂದ ಹೆಕ್ಕಿ ಬಾಟಲಿಗೆ ಹಾಕಿಕೊಂಡು ಹೋದ ಉಣುಗುಗಳನ್ನು ಮೇಜಿನ ಮೇಲಿಟ್ಟೆ. "ಅದ್ರೊಳಗೆ ಇವಿದಾವೆ. ಡಾಕ್ಸಿಸೈಕ್ಲಿನ್ ಕೊಡಿ. ಈಗ್ಲೇ ಕೊಡಿ."

"ಯಜಮಾನ್ರೇ, ರಕ್ತ ಪರೀಕ್ಷೆ ಆಗ್ಲಿ, ಹೊರಗೆ ಕಾಯ್ತಿರಿ. ಚುಕ್ಕೆ ಇನ್ನೂ ಒಂದೂ ಬಂದಿಲ್ಲ."

"ಚುಕ್ಕೆ ಬಂದ್ಮೇಲೆ ಏನಾಗತ್ತೆ ಅಂತ ನಾನು ನೋಡಿದೀನಿ. ನೀವು ಕೊಡೋವರೆಗೂ ನಾನಿಲ್ಲಿಂದ ಏಳಲ್ಲ." ಹಾಗೆ ಹೇಳಿ ಅಲ್ಲೇ, ಮಂಚದ ಕಾಲಿನ ಹತ್ತಿರ ನೆಲದ ಮೇಲೆ ಕೂತುಬಿಟ್ಟೆ. ಟೋಪಿ ತಲೆಯ ಮೇಲೇ ಇತ್ತು, ಮನೆಗೆ ಬಂದ ಮೇಲೆ ನೆನಪಾಯಿತು.

ಡಾಕ್ಟರು ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿದರು. ಆಮೇಲೆ ನರ್ಸನ್ನು ಕರೆದು ಔಷಧದ ಹೆಸರು ಹೇಳಿದರು. ಮಗು ಕಹಿಯೆಂದು ಅರ್ಧ ಉಗುಳಿತು, ಮತ್ತೆ ಕುಡಿಸಿದರು. ಎರಡು ಮೂರು ದಿನ ಏನೂ ಹೇಳಲಾಗುವುದಿಲ್ಲವಂತೆ. ನನಗೆ ಯಾವ ಆಸೆಯೂ ಇಲ್ಲ. ಆಸೆ ಪಡುವುದನ್ನು ಮರೆತುಹೋಗಿದೆ.

ಅಷ್ಟರಲ್ಲಿ ಕಾವಲಿನವನು ಬಂದು ನನ್ನ ತೋಳು ಹಿಡಿದ. ಒಳಗೆ ಮನೆಯವರು ಮಾತ್ರ ಇರಬೇಕು, ಬೇರೆಯವರೆಲ್ಲ ಹೊರಗೆ ಎಂದ.

"ನೀವು ಮಗೂಗೆ ಏನಾಗ್ಬೇಕು?"

"ಸೋಫಾ ಹೊಲಿಯೋನು" ಎಂದೆ. ಬೇರೆ ಏನು ಹೇಳಲಿ? ಅವನು ನನ್ನನ್ನು ಎಬ್ಬಿಸತೊಡಗಿದ.

ಬ್ರಿಸೇಯ್ದಾ ಮಗುವಿನ ಹಣೆಗೆ ಒದ್ದೆ ಬಟ್ಟೆ ಒತ್ತುತ್ತಿದ್ದಳು. ಟ್ಯಾಕ್ಸಿ ಹತ್ತಿದಾಗಿನಿಂದ ನನ್ನ ಮುಖ ನೋಡಿರಲಿಲ್ಲ, ಈಗಲೂ ನೋಡಲಿಲ್ಲ.

"ಬಿಡಿ ಅವ್ರನ್ನ" ಎಂದಳು. "ಮಗು ತಾತ ಅವ್ರು."